8 ವಾರಗಳಲ್ಲಿ 30 ಗಜ: ಗಾಲ್ಫ್ ಆಡುವವರಿಗೆ ಒಂದು ಎಚ್ಚರಿಕೆ

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಬ್ರಿಟಿಷರು ಅಲ್ಲಿಗೆ ತಂದ ಗಾಲ್ಫ್ ಆಟದ ಆಸಕ್ತಿ ನಮ್ಮ ಕೆಲವರಲ್ಲಿ ಉಳಿದುಕೊಂಡಿದೆ. ಹೀಗೆ ಆಡುವವರಲ್ಲಿ ಅನೇಕರು ನನ್ನಂತೆ ನಲವತ್ತೈದು ದಾಟಿದವರು, ವಾರವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವವರು. ಕಳೆದ ವರ್ಷ ಸೆಪ್ಟೆಂಬರ್ ಮಳೆಗೆ ಆಟ ನಿಂತಾಗ, ಎಂಟು ವಾರಗಳಲ್ಲಿ ಡ್ರೈವರ್ (ಅತಿ ದೂರ ಹೊಡೆಯಲು ಬಳಸುವ ಗಾಲ್ಫ್ ಕೋಲು) ಹೊಡೆತವನ್ನು 30 ಗಜ ಹೆಚ್ಚಿಸುವುದಾಗಿ ಹೇಳಿದ ಜಿಮ್ ಒಂದಕ್ಕೆ ಸೇರಿದ ನಾನು, ಏಳು ತಿಂಗಳು ಗಾಲ್ಫ್ ಕೋಲು ಹಿಡಿಯಲಾಗದೆ ಮನೆಯಲ್ಲಿ ಕುಳಿತೆ. ಈ ವರ್ಷವೂ ಅದೇ ಭರವಸೆ ಕೇಳಿಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ಭರವಸೆಯನ್ನು ಮೊದಲ ದಿನವೇ ಲೆಕ್ಕ ಹಾಕಿ ನೋಡಬೇಕಿತ್ತು. ಸ್ವಿಂಗ್ ವೇಗ, ಅಂದರೆ ಕೋಲು ಬೀಸುವ ವೇಗ, ಗಂಟೆಗೆ 1 ಮೈಲಿ ಹೆಚ್ಚಿದರೆ ಡ್ರೈವರ್ ಹೊಡೆತಕ್ಕೆ ದಕ್ಕುವುದು ಸುಮಾರು 2.5 ಗಜ. 30 ಗಜ ಬೇಕೆಂದರೆ ಗಂಟೆಗೆ 12 ಮೈಲಿ ಹೆಚ್ಚಬೇಕು. ಅಂದರೆ ಗಂಟೆಗೆ 88 ಮೈಲಿ ವೇಗದಲ್ಲಿ ಬೀಸುತ್ತಿದ್ದ ನಾನು ಎರಡೇ ತಿಂಗಳಲ್ಲಿ 100 ಮುಟ್ಟಬೇಕು. ತರಬೇತುದಾರರು ನನಗೆ ತೋರಿಸಿದ್ದು ಮೈಕಟ್ಟು ಬೆಳೆಸಿಕೊಂಡು 2020ರ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದ ಅಮೆರಿಕದ ಆಟಗಾರ ಬ್ರೈಸನ್ ಡಿಶಾಂಬೊ ಅವರ ವಿಡಿಯೊವನ್ನು. ಆಗ ಅವರಿಗೆ 27 ವರ್ಷ, ಆಟವೇ ಅವರ ವೃತ್ತಿ ಎಂಬುದು ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಬರಲಿಲ್ಲ.

ನನ್ನ ಸೊಂಟದ ಕೀಲುಗಳು ಎಷ್ಟು ತಿರುಗುತ್ತವೆ, ಮೊದಲು ಬೆನ್ನುನೋವು ಇತ್ತೇ ಎಂದು ಯಾರೂ ವಿಚಾರಿಸಲಿಲ್ಲ. ನೆಲದ ಮೇಲೆ ಕುಳಿತು ಹತ್ತು ಕಿಲೋ ಪ್ಲೇಟ್ ಹಿಡಿದು ಎಡಕ್ಕೂ ಬಲಕ್ಕೂ ನೂರು ಬಾರಿ ತಿರುಗುವುದು, ಹೆಗಲ ಮೇಲೆ ಕಬ್ಬಿಣದ ರಾಡ್ ಹೊತ್ತು ಸೊಂಟ ತಿರುಚುವುದು, ಅದಾದ ಮೇಲೆ ಹಗುರವಾದ ಕೋಲನ್ನು ಮೈಯೆಲ್ಲ ಶಕ್ತಿ ಹಾಕಿ ಬೀಸುವುದು, ಇಷ್ಟನ್ನೂ ವಾರಕ್ಕೆ ಆರು ದಿನ ಮಾಡಿಸಿದರು. ಮೂರನೆಯ ವಾರ ಬೆಳಗ್ಗೆ ಏಳುವಾಗ ಬಲಬದಿಯ ಕೆಳಬೆನ್ನು ಬಿಗಿಯುತ್ತಿದೆ ಎಂದಾಗ, "ನೋವು ಬಂದ್ರೆ ಕೆಲಸ ಆಗ್ತಿದೆ ಅಂತ ಅರ್ಥ ಸರ್" ಎಂದರು. ನಾನು ಅದನ್ನು ನಂಬಿದೆ. ಐದನೆಯ ವಾರ ಕೋಲು ಬೀಸುತ್ತಿದ್ದಾಗಲೇ ನೋವು ಪೃಷ್ಠದಿಂದ ಮೀನಖಂಡದವರೆಗೆ ಇಳಿಯಿತು, ಕಾಲಿನ ಹೆಬ್ಬೆರಳು ಜೋಮು ಹಿಡಿಯಿತು. ಸ್ಕ್ಯಾನ್ ಮಾಡಿಸಿದಾಗ ಕೆಳಬೆನ್ನಿನ ನಾಲ್ಕು ಮತ್ತು ಐದನೆಯ ಕಶೇರುಗಳ (ಬೆನ್ನುಮೂಳೆಯ ಮಣಿಗಳ) ನಡುವಿನ ಮೆತ್ತೆಯಂತಹ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತಿರುವುದು ತಿಳಿಯಿತು.

ಏಕೆ ಹೀಗಾಯಿತು ಎಂಬುದನ್ನು ನನಗೆ ಬಿಡಿಸಿ ಹೇಳಿದವರು ನಂತರ ಚಿಕಿತ್ಸೆ ನೀಡಿದ ಫಿಸಿಯೋಥೆರಪಿಸ್ಟ್. ಕೆಳಬೆನ್ನಿನ ಐದೂ ಕಶೇರುಗಳು ಕೂಡಿ ಒಂದು ಬದಿಗೆ ತಿರುಗುವುದು ಸುಮಾರು 10ರಿಂದ 15 ಡಿಗ್ರಿ ಮಾತ್ರ. ಸ್ವಿಂಗ್‌ಗೆ ಬೇಕಾದ ಉಳಿದ ತಿರುವು ಸೊಂಟದ ಕೀಲುಗಳಿಂದಲೂ ಎದೆಮಟ್ಟದ ಬೆನ್ನಿನಿಂದಲೂ ಬರಬೇಕು. ಕುಳಿತು ಕುಳಿತು ಅವೆರಡೂ ಬಿಗಿದುಕೊಂಡವರು ಜೋರಾಗಿ ಬೀಸಿದರೆ ಆ ಕೊರತೆಯನ್ನು ತುಂಬಲು ಹೋಗಿ ಕೆಳಬೆನ್ನು ತನ್ನ ಮಿತಿ ಮೀರುತ್ತದೆ. ಪೂರ್ಣ ಸ್ವಿಂಗ್‌ನಲ್ಲಿ ಅದರ ಮೇಲೆ ಬೀಳುವ ಒತ್ತಡ ಮೈತೂಕದ ಎಂಟು ಪಟ್ಟಿನಷ್ಟಾಗಬಹುದು. ಅದರ ಮೇಲೆ ಭಾರ ಹಿಡಿದು ತಿರುಚುವ ವ್ಯಾಯಾಮವನ್ನೂ ಹೇರಿದ್ದು ನನ್ನ ಮಟ್ಟಿಗೆ ಅಕ್ಷಮ್ಯ. ಸ್ನಾಯುಗಳಿಗಿಂತ ಅವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುಗಳು ನಿಧಾನವಾಗಿ ಬಲಗೊಳ್ಳುತ್ತವೆ ಎಂಬ ಕಾರಣಕ್ಕಾದರೂ ನಡುವೆ ಬಿಡುವಿನ ದಿನಗಳು ಇರಬೇಕಿತ್ತು.

ದೇಹ ಬಲಪಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಾಲು ಮತ್ತು ಪೃಷ್ಠದ ಬಲದಿಂದ ವೇಗ ಬರುವುದು ನಿಜ. ಆದರೆ ಮೊದಲು ಕೀಲುಗಳ ಚಲನೆ, ನಂತರ ಹಲವು ವಾರ ಕುಕ್ಕರಿಸಿ ಏಳುವ ಸ್ಕ್ವಾಟ್, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ನಂತಹ ನಿಧಾನ ಬಲವರ್ಧನೆ, ಆಮೇಲೆ ಮೆಡಿಸಿನ್ ಬಾಲ್ (ವ್ಯಾಯಾಮದ ಭಾರದ ಚೆಂಡು) ಎಸೆತ, ಕೊನೆಗೆ ಒಂದು ದಿನ ಬಿಟ್ಟು ಒಂದು ದಿನ ವೇಗದ ಬೀಸು, ಇದು ಈಗ ನಾನು ಅನುಸರಿಸುತ್ತಿರುವ ಕ್ರಮ. ಈ ಕ್ರಮವನ್ನು ವಿವರಿಸಲಾಗದ, ನಿಮ್ಮ ಸೊಂಟದ ತಿರುವನ್ನು ಒಮ್ಮೆಯೂ ಪರೀಕ್ಷಿಸದ ತರಬೇತುದಾರರಿಗೆ ಮುಂಗಡ ಹಣ ಕೊಡಬೇಡಿ. ಈಗಾಗಲೇ ಸೇರಿದ್ದು, ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಜೋಮು ಕಾಣಿಸಿದರೆ ಅಂದೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಮೂತ್ರದ ಹಿಡಿತ ತಪ್ಪಿದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆ ಸೇರಿ.