ಕ್ಲಬ್ಬಿನ ಹಳೇ ಫೋಟೋಗಳಿಗೆ ಡ್ರೈ ಕ್ಯಾಬಿನೆಟ್: ಮಂಗಳೂರಿನ ಎರಡು ಮಳೆಗಾಲ ಕಳೆದ ಮೇಲೆ

ಡ್ರೈ ಕ್ಯಾಬಿನೆಟ್ ಅಂದರೆ ಒಳಗಿನ ತೇವವನ್ನು ಕಡಿಮೆ ಇಡುವ ಕರೆಂಟಿನ ಪೆಟ್ಟಿಗೆ, ಕ್ಯಾಮೆರಾ ಇಡಲು ಅಂತ ಮಾರುತ್ತಾರೆ. ನಾನು ತಗೊಂಡದ್ದು ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬಿನ ಹಳೇ ಸಾಮಾನಿಗೆ. ತಂಡದ ಫೋಟೋಗಳು, ಟೂರ್ನಮೆಂಟಿನ ನೋಟೀಸು, ಸರ್ಟಿಫಿಕೇಟು, ಲೆಕ್ಕದ ಪುಸ್ತಕ, ನೆಹರು ಮೈದಾನದಲ್ಲಿ ಆಡಿದ ಮ್ಯಾಚುಗಳ ಪೇಪರ್ ಕಟಿಂಗು, ಹೀಗೆ ಎಲ್ಲ ಉಂಟು.

ಮೊದಲು ಇದೆಲ್ಲ ಇದ್ದದ್ದು ಒಬ್ಬರು ಹಿರಿಯ ಆಟಗಾರರ ಹಂಚಿನ ಮನೆಯ ಅಟ್ಟದಲ್ಲಿ, ಒಂದು ರಟ್ಟಿನ ಪೆಟ್ಟಿಗೆಯೊಳಗೆ. ನಮ್ಮ ಮಳೆಗಾಲ ಗೊತ್ತಲ್ವಾ, ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಇನ್ನು ಕಾಗದ ಉಳಿಯುವುದು ಹೇಗೆ? ಗಾಳಿಯ ತೇವ ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯಲು ಅಷ್ಟೇ ಸಾಕು. ನಾವು ಪೆಟ್ಟಿಗೆ ಬಿಚ್ಚಿದಾಗ ಎರಡು ಫೋಟೋ ಒಂದಕ್ಕೊಂದು ಅಂಟಿಕೊಂಡಿದ್ದವು. ಅವಸರದಲ್ಲಿ ಎಳೆದೆ. ಒಂದರಲ್ಲಿದ್ದ ಐದಾರು ಮುಖಗಳು ಕಿತ್ತು ಬಂದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ತಂದದ್ದೇ ಈ 50 ಲೀಟರಿನ ಕ್ಯಾಬಿನೆಟ್. 10 ಸಾವಿರದ ಹತ್ತಿರ ಆಯಿತು, ಹಳೇ ಆಟಗಾರರೆಲ್ಲ ಸೇರಿ ಕೊಟ್ಟರು. ಗಾಜಿನ ಬಾಗಿಲು, ಸುತ್ತ ರಬ್ಬರ್ ಪಟ್ಟಿ, ಬೀಗ. ಎಷ್ಟು ತೇವ ಬೇಕು ಅಂತ ಗುಂಡಿ ಒತ್ತಿ ಇಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಕ್ಯಾಮೆರಾದವರು ಸಾಮಾನ್ಯವಾಗಿ ಶೇ 40ರ ಆಚೀಚೆ ಇಡುತ್ತಾರೆ. ಫೋಟೋ, ಕಾಗದಕ್ಕೆ ಅಷ್ಟು ಬೇಡ, 45ರಿಂದ 50 ಸಾಕು. ತೀರಾ ಒಣಗಿದರೆ ಹಳೇ ಫೋಟೋ ಸುರುಳಿ ಸುತ್ತಿಕೊಳ್ಳುತ್ತದೆ, ಮೇಲಿನ ಪದರ ಬಿರುಕು ಬಿಡುತ್ತದೆ.

ಬಾಗಿಲ ಮೇಲೆ ಕಾಣುವ ಅಂಕಿಯನ್ನು ಮಾತ್ರ ಸುಮ್ನೆ ನಂಬಬೇಡಿ. ಒಂದು ಸಣ್ಣ ತೇವಮಾಪಕ ಬೇರೆಯೇ ತಗೊಳ್ಳಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಒದ್ದೆ ಮಾಡಿ, ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. ನನ್ನದು 72 ತೋರಿಸಿತು, ಅಂದರೆ ಯಾವಾಗಲೂ 3 ಕೂಡಿಸಿ ಓದಬೇಕು. ಹಾಗೆ ಓದಿದಾಗ ಕ್ಯಾಬಿನೆಟ್ 50 ಅಂದರೆ ಒಳಗೆ ನಿಜಕ್ಕೂ 56 ಇತ್ತು. ಅದಕ್ಕೇ ಈಗ 43ಕ್ಕೆ ಇಟ್ಟಿದ್ದೇನೆ. ಆಟಿಯಲ್ಲಿ, ಅಂದರೆ ತುಳುವರ ಜೋರು ಮಳೆಯ ತಿಂಗಳಲ್ಲಿ, ಒಂದು ರಾತ್ರಿಯಿಡೀ ಕರೆಂಟ್ ಇರಲಿಲ್ಲ, ಬಾಗಿಲು ತೆರೆಯದೆ ಬಿಟ್ಟೆವು, ಬೆಳಿಗ್ಗೆ ಎರಡು ಅಂಕಿ ಮಾತ್ರ ಏರಿತ್ತು. ಎರಡು ಮಳೆಗಾಲದಲ್ಲಿ ಒಂದು ಚುಕ್ಕೆ ಬೂಷ್ಟು ಇಲ್ಲ ಮಾರಾಯ್ರೆ.

ಕೊರತೆಯೂ ಉಂಟು. ತಟ್ಟೆಗಳ ಮೇಲೆ ಹಾಸಿದ ಸ್ಪಂಜು ತೆಗೆದು ಬಿಸಾಡಿ, ಅದು ವರ್ಷ ಕಳೆದ ಹಾಗೆ ಪುಡಿಯಾಗಿ ಅಂಟುತ್ತದೆ. ರಟ್ಟಿಗೆ ಅಂಟಿಸಿದ ದೊಡ್ಡ ಗ್ರೂಪ್ ಫೋಟೋ ಒಳಗೆ ಹಿಡಿಸಲೇ ಇಲ್ಲ. ಅದಕ್ಕೆ ಗಾಜು ತಾಗದ ಹಾಗೆ ಅಂಚು ಕೊಟ್ಟು ಫ್ರೇಮ್ ಮಾಡಿಸಿ, ಮಳೆ ಹೊಡೆಯದ ಒಳಗೋಡೆಗೆ ಹಾಕಿದೆವು. ಜೆರ್ಸಿಗೆ ಈ ಪೆಟ್ಟಿಗೆ ಬೇಕಿಲ್ಲ, ಎರಡು ಇಟ್ಟರೆ ಜಾಗವೇ ಮುಗಿಯಿತು. ಚೆನ್ನಾಗಿ ಒಣಗಿಸಿ, ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿದರೆ ಆಯಿತು.

ಮತ್ತೆ, ಯಂತ್ರ ತಂದ ಮಾತ್ರಕ್ಕೆ ಆಗುವುದಿಲ್ಲ. ಹಿಂದೆ ಯಾರೋ ಒಳ್ಳೇ ಮನಸ್ಸಿನಿಂದಲೇ ನಮ್ಮ ಒಂದು ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿದ್ದರು, ಈಗ ಅದನ್ನು ಬಿಡಿಸುವ ದಾರಿಯೇ ಇಲ್ಲ. ಪಿವಿಸಿ ಕವರು ಬೇಡ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಕೇಳಿ ತಗೊಳ್ಳಿ. ಪಿನ್ನು, ಸ್ಟೇಪ್ಲರ್ ತಂತಿ ತೆಗೆಯಿರಿ, ತುಕ್ಕು ಕಾಗದವನ್ನು ತಿನ್ನುತ್ತದೆ. ಅಂಟು ಪುಟದ ಆಲ್ಬಮ್‌ನಲ್ಲಿ ಸಿಕ್ಕಿಕೊಂಡ ಫೋಟೋವನ್ನು ಎಳೆಯಲೇಬೇಡಿ, ಹಲ್ಲಿನ ಸಂದು ಶುಚಿ ಮಾಡುವ ಫ್ಲಾಸ್ ದಾರವನ್ನು ಅಡಿಯಿಂದ ಮೆಲ್ಲ ಸರಿಸುತ್ತಾ ಹೋದರೆ ಬಿಡುತ್ತದೆ. ಇದನ್ನು ನಾನು ಕಲಿತದ್ದು ಐದಾರು ಮುಖ ಹಾಳು ಮಾಡಿದ ಮೇಲೆ.

ಅಷ್ಟು ದುಡ್ಡಿಲ್ಲದ ಕ್ಲಬ್ಬಿನವರು ರಬ್ಬರ್ ಪಟ್ಟಿಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ತೇವಮಾಪಕ ಇಷ್ಟರಲ್ಲೇ ಶುರು ಮಾಡಿ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ಕಿತ್ತಳೆ ಹಸಿರಾದರೆ ತೇವ ಕುಡಿದಿದೆ ಅಂತ ಅರ್ಥ, ಓವನ್‌ನಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ನಮ್ಮ ಮಳೆಗಾಲದಲ್ಲಿ ಮಾತ್ರ ಆಗಾಗ ನೋಡುತ್ತಿರಬೇಕು, ಮರೆತರೆ ಕೆಟ್ಟಿತು. ನನಗೆ ಆ ಭಯ ಇದ್ದದ್ದರಿಂದಲೇ ಕ್ಯಾಬಿನೆಟ್ ತಗೊಂಡೆ, ಕಾಗದ, ಫೋಟೋ ಜಾಸ್ತಿ ಇದ್ದವರಿಗೆ ಇದನ್ನೇ ಹೇಳುತ್ತೇನೆ.

ಹೆಸರು ಬರೆಸುವ ಕೆಲಸ ಮಾತ್ರ ಈಗಲೇ ಮಾಡಿ. 1911ರಲ್ಲಿ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಷೈರ್ ತಂಡವನ್ನು 2-1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಫುಟ್‌ಬಾಲ್ ಟೂರ್ನಮೆಂಟ್ ಗೆದ್ದ ಕಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನ ಹನ್ನೊಂದೂ ಆಟಗಾರರ ಹೆಸರು ಇವತ್ತಿಗೂ ಹೇಳಲು ಬರುತ್ತದೆ. ನಮ್ಮ 1970ರ ದಶಕದ ಫೋಟೋದಲ್ಲಿ ನಾಲ್ಕು ಜನರ ಹೆಸರೇ ಗೊತ್ತಿರಲಿಲ್ಲ. ಆಗಿನ ಗೋಲ್‌ಕೀಪರ್ ಅಜ್ಜನ ಮನೆಗೆ ಫೋಟೋದ ಪ್ರತಿ ತಗೊಂಡು ಹೋದೆ. ಅವರು ಕನ್ನಡಕ ತೆಗೆದು, ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು, ಮೂರು ಹೆಸರು ಹೇಳಿದರು. ಅವನ್ನು ಫೋಟೋದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನಾಲ್ಕನೆಯವರಿಗಾಗಿ ಮುಂದಿನ ಭಾನುವಾರ ಉಳ್ಳಾಲಕ್ಕೆ ಹೋಗುವುದು ಉಂಟು.