ಮಾರುವ ಮುನ್ನ ಕಾರಣ ಕೇಳುವ ಹೂಡಿಕೆ ಕಚೇರಿ

ದಾವಣಗೆರೆಯ ಪಿ.ಜೆ. ಬಡಾವಣೆಯ ಮ್ಯೂಚುವಲ್ ಫಂಡ್ ವಿತರಕರೊಬ್ಬರ ಕಚೇರಿಯ ಮೂಲಕ ನಮ್ಮ ಕುಟುಂಬದ ಕಂತು ಹೂಡಿಕೆಯ ಎಸ್‌ಐಪಿಗಳು ಹಲವು ವರ್ಷಗಳಿಂದ ನಡೆಯುತ್ತಿವೆ. ಷೇರುಪೇಟೆ ಕುಸಿದಾಗ ಗ್ರಾಹಕರನ್ನು ಅವರು ನಡೆಸಿಕೊಳ್ಳುವ ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಹಣ ಹಿಂಪಡೆಯಲು ಬಂದವರಿಗೆ ಅಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ ಕೊಡುತ್ತಾರೆ. ಈ ಹಣ ಯಾವ ಕೆಲಸಕ್ಕೆಂದು ಇಟ್ಟದ್ದು, ಆ ಕೆಲಸ ಈಗ ಬಂದಿದೆಯೇ, ಇವತ್ತು ಕೈಯಲ್ಲಿ ದುಡ್ಡಿದ್ದರೆ ಇದೇ ಫಂಡನ್ನು ಕೊಳ್ಳುತ್ತಿದ್ದಿರಾ ಎಂದು ಅದರಲ್ಲಿ ಕೇಳಿರುತ್ತದೆ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಫಲಿತಾಂಶ ಹೊರಬೀಳುತ್ತಿದ್ದಂತೆ ಸೆನ್ಸೆಕ್ಸ್ 4,389 ಅಂಶ ಕುಸಿದ ದಿನ, ಎಪಿಎಂಸಿಯ ಮೆಕ್ಕೆಜೋಳದ ದಲಾಲರೊಬ್ಬರು “ಎಲ್ಲಾ ತೆಗೆದುಬಿಡಿ ಸರ್” ಎನ್ನುತ್ತಲೇ ಒಳಗೆ ಬಂದರು. “ಮಗಳ ಮದುವೆಗೆ ಅಂತ ಇಟ್ಟಿದ್ರಲ್ಲ ಯಜಮಾನ್ರೆ, ಮದುವೆ ಗೊತ್ತಾಯ್ತಾ?” ಎಂದು ವಿತರಕರು ಕೇಳಿದರು. “ಇಲ್ಲ, ಇನ್ನೂ ಓದ್ತಿದಾಳೆ” ಎಂದ ಅವರು ಎರಡನೆಯ ಪ್ರಶ್ನೆಗೇ ಪೆನ್ನು ಕೆಳಗಿಟ್ಟರು. ಹಿಂದಿನ ದಿನ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಇದೇ ಸೂಚ್ಯಂಕ 2,507 ಅಂಶ ಏರಿತ್ತು. ಆ ಎರಡು ದಿನಗಳಲ್ಲಿ ಕಂಪನಿಗಳ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಿರಲಿಲ್ಲ. ಜನರ ನಿರೀಕ್ಷೆ ಮಾತ್ರ ಏರಿಳಿದಿತ್ತು. ಅದೇ ವಾರದ ಕೊನೆಗೆ ಸೂಚ್ಯಂಕ ಕಳೆದುಕೊಂಡದ್ದನ್ನೆಲ್ಲ ಮರಳಿ ಪಡೆಯಿತು.

ಗಳಿಕೆ ಕೊಡುವ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟ ಕೊಡುವ ನೋವು ಹೆಚ್ಚು ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ವಿವರಿಸಿದ್ದರು. ಲಾಭದಲ್ಲಿರುವುದನ್ನು ಬೇಗ ಮಾರಿ, ನಷ್ಟದಲ್ಲಿರುವುದನ್ನು ‘ಅಸಲಾದರೂ ಬರಲಿ’ ಎಂದು ಹಿಡಿದುಕೊಂಡು ಕೂರುವ ಅಭ್ಯಾಸವೂ ನಮ್ಮಲ್ಲಿ ಬಹಳ. ಹಾಳೆಯ ಮೂರನೆಯ ಪ್ರಶ್ನೆ ಈ ಅಭ್ಯಾಸಕ್ಕೆ ನೇರವಾಗಿ ಕೈಹಾಕುತ್ತದೆ, ಏಕೆಂದರೆ ಅಲ್ಲಿ ಕೊಂಡ ಬೆಲೆಯ ಮಾತೇ ಇಲ್ಲ.

ಆದರೆ ಇದೇ ಎಚ್ಚರ ಪೇಟೆ ಏರುವಾಗ ಇಲ್ಲಿ ಕಾಣುವುದಿಲ್ಲ ಎಂಬುದು ನನ್ನ ದೊಡ್ಡ ಆಕ್ಷೇಪ. ಸಣ್ಣ ಕಂಪನಿಗಳ ಷೇರು ಕೊಳ್ಳುವ ಸ್ಮಾಲ್‌ಕ್ಯಾಪ್ ಫಂಡ್‌ಗಳ ಹಿಂದಿನ ವರ್ಷದ ಲಾಭ ನೋಡಿ ಬಂದವರ ಅರ್ಜಿಯನ್ನು ಯಾವ ಪ್ರಶ್ನೆಯೂ ಇಲ್ಲದೆ ತುಂಬಿಸಿಕೊಳ್ಳುತ್ತಾರೆ. ಹೀಗೆ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಫಂಡ್‌ಗಳು ಬಂದ ಹಣದಿಂದ ಅವೇ ಸಣ್ಣ ಷೇರುಗಳನ್ನು ಕೊಳ್ಳಬೇಕಾಗುತ್ತದೆ, ಗಳಿಕೆ ಹೆಚ್ಚದಿದ್ದರೂ ಬೆಲೆ ಏರುತ್ತದೆ. ಎಲ್ಲರೂ ಒಟ್ಟಿಗೆ ಹೊರಟಾಗ ಕೊಳ್ಳುವವರು ಸಿಗದೆ ಅಷ್ಟೇ ವೇಗದಲ್ಲಿ ಇಳಿಯುತ್ತದೆ. ವಿತರಕರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನ್‌ನಲ್ಲಿ ತಮಗೆ ಬರುವ ಕಮಿಷನ್ನಿನ ವಿವರವನ್ನೂ ನಾವು ಕೇಳಿದ ಮೇಲೆಯೇ ಕೊಟ್ಟರು. ಫಂಡ್ ಸಂಸ್ಥೆಯಿಂದ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್‌ನಲ್ಲಿ ಆ ವೆಚ್ಚ ಇರುವುದಿಲ್ಲವಾದ್ದರಿಂದ, ಕುಸಿತದ ದಿನ ತಾವಾಗಿಯೇ ಸುಮ್ಮನಿರಬಲ್ಲವರಿಗೆ ಈ ಕಚೇರಿಯ ಅಗತ್ಯವಿಲ್ಲ. ಉಳಿದವರು ಧೈರ್ಯವಾಗಿ ಹೋಗಬಹುದು. ಹೊಸದಾಗಿ ಹಣ ಹಾಕುವಾಗಲೂ ಆ ಹಾಳೆಯನ್ನು ಕೇಳಿ ಪಡೆದು ತುಂಬಲಿ.