ಮೋಆಬ್‌ನ ಕೆಂಪು ಬಂಡೆ ಮೇಲೆ 10 ಕಿ.ಮೀ.: ರೋಡ್ ಶೂನಾ, ಟ್ರೇಲ್ ಶೂನಾ?
ಅಮೆರಿಕದ ಯೂಟಾ ರಾಜ್ಯದ ಮೋಆಬ್‌ನಲ್ಲಿ 10 ಕಿ.ಮೀ. ರೇಸ್ ಓಡೋಕೆ ಹೊಸ ಶೂ ಬೇಕಾ ಅಂತ ಕೇಳಿದ್ದೀರಿ. ದುಡ್ಡು ಮುಖ್ಯ ಅಂದ್ರೆ ಮನೆಯಲ್ಲಿರೋ ರೋಡ್ ಶೂ ಹಾಕ್ಕೊಂಡು ಹೋಗಿ, ಮುಗೀತು.

ಹಿಡಿತದ ಮಾತು ಸ್ವಲ್ಪ ಬೇರೆ. ಅಲ್ಲಿನ ಮರಳುಗಲ್ಲು ಒಣಗಿದ್ದಾಗ ಉಪ್ಪುಕಾಗದದ ಹಾಗೆ ತರಿತರಿ, ಸಾಮಾನ್ಯ ರಬ್ಬರ್ ತಳವೂ ಚೆನ್ನಾಗಿ ಕಚ್ಚುತ್ತೆ. ಟ್ರೇಲ್ ಶೂ ಅಂದ್ರೆ ಗುಡ್ಡ, ಕಾಲುದಾರಿ ಓಡೋಕೆ ಮಾಡಿದ ಶೂ. ಅದರಲ್ಲಿ ಕೆಸರಿಗೆ ಅಂತ ಮಾಡಿದ, ತಳದಲ್ಲಿ ಉದ್ದ ಗುಬುಟು ಇರೋದು ಇಲ್ಲಿ ದಂಡ: ಬಂಡೆ ಮೇಲೆ ಕಾಲು ತೇಲಿದ ಹಾಗಾಗುತ್ತೆ, ಗುಬುಟೂ ಬೇಗ ಸವೆಯುತ್ತೆ. ತೆಗೆದುಕೊಳ್ಳೋದಾದ್ರೆ ಗಿಡ್ಡ ಗುಬುಟಿನದೇ ಇರಲಿ.

ನಿಜವಾದ ಕಾಟ ಮರಳು. ಬಂಡೆ ಮುಗಿದು ಒಣ ಹಳ್ಳಕ್ಕೆ ಇಳಿದ ಕೂಡಲೇ ಹಿಟ್ಟಿನಂಥ ಕೆಂಪು ಮರಳು ರೋಡ್ ಶೂನ ಜಾಲರಿ ಬಟ್ಟೆಯಿಂದ ನುಗ್ಗಿ, ಬೆವರಿನ ಜೊತೆ ಸೇರಿ, ಬೆರಳ ಸಂದಿಯನ್ನ ಉಜ್ಜೋಕೆ ಶುರು ಮಾಡುತ್ತೆ. ಒತ್ತಾದ ಬಟ್ಟೆಯ ಟ್ರೇಲ್ ಶೂ ಇಲ್ಲಿ ಮೇಲು, ಆದರೆ ಕಾಲು ಬೇಯುತ್ತೆ. ಮೆಟ್ಟಿಲು ಮೆಟ್ಟಿಲಾದ ಬಂಡೆಗೆ ಬೆರಳು ಎಡವಿದಾಗಲೂ ಅದರ ಗಟ್ಟಿ ಮೂತಿ ಕಾಪಾಡುತ್ತೆ.

ದಾರಿ ಹೆಚ್ಚಾಗಿ ಬಂಡೆಯೇ, ಇದೊಂದೇ ರೇಸ್ ಅಂದ್ರೆ ರೋಡ್ ಶೂ ಸಾಕು. ಹಳ್ಳ ಜಾಸ್ತಿ ಇದ್ರೆ, ಅಥವಾ ಮುಂದೆಯೂ ಗುಡ್ಡ ಓಡೋರಾದ್ರೆ ಟ್ರೇಲ್ ಶೂ ತಗೊಳ್ಳಿ. ಮಳೆ ಬಿದ್ರೆ ಎರಡೂ ಜಾರುತ್ತೆ, ಓಡದೆ ಸುಮ್ನೆ ನಡೀರಿ.